ಮೇಲ್ಕೊಡಿಗೆಯ ಧರೆಗೆ ಹಾಕಿದ ಅರಗಿನ ಸೀಲು

ಮಾನ್ಯ ಕಾರ್ಯಪಾಲಕ ಇಂಜಿನಿಯರರೇ,

ನೀವು ಹುಡುಕುತ್ತಿರುವ ಕಿಡಿಗೇಡಿ ಬೂತಪ್ಪ ಅಲ್ಲ, ನಾನು. ಮೇ ಹನ್ನೆರಡರಂದು ನಿಮ್ಮ ಕಚೇರಿಯಿಂದ ಹೊರಟ ನೋಟಿಸಿನಲ್ಲಿ, ಕೊಪ್ಪ ತಾಲೂಕು ಜಯಪುರ ಸಮೀಪದ ಮೇಲ್ಕೊಡಿಗೆಯ ಕೂಲಿ ಕಾರ್ಮಿಕ ಬೂತಪ್ಪ ಎಂಬವರು ಕುಡಿಯುವ ನೀರಿನ ಸುರಂಗದ ರಕ್ಷಣಾ ಗೋಡೆಯಿಂದ 'ದುರುದ್ದೇಶಪೂರ್ವಕವಾಗಿ ಅಕ್ರಮ ನಳ ಸಂಪರ್ಕ' ಪಡೆದು ಸಾರ್ವಜನಿಕ ಆಸ್ತಿಗೆ ಹಾನಿ ಎಸಗಿದ್ದಾರೆ, ಹದಿನೈದು ದಿನದೊಳಗೆ ಸಮಜಾಯಿಷಿ ನೀಡದಿದ್ದರೆ ಕಾನೂನು ಕ್ರಮ ಜರುಗಿಸಲಾಗುವುದು ಎಂದು ಬರೆದಿದ್ದೀರಿ. ಸಮಜಾಯಿಷಿ ನಾನು ಕೊಡುತ್ತೇನೆ. ನಾನು ಆ ಗ್ರಾಮ ಪಂಚಾಯಿತಿಯ ನೀರುಗಂಟಿ. ಹದಿನೆಂಟು ವರ್ಷದಿಂದ ಏಳು ಹಳ್ಳಿಗೆ ನೀರು ಬಿಡುತ್ತಿದ್ದೇನೆ. ಗೋಡೆಗೆ ಪೈಪು ಜೋಡಿಸಿದ್ದು ನಾನು, ವಾಲ್ವ್ ಕೂರಿಸಿದ್ದು ನಾನು, ಸೋರದಂತೆ ಅದರ ತಿರುಪಿಗೆ ಬಿಳಿ ಟೇಪು ಸುತ್ತಿದ್ದೂ ಇದೇ ಕೈ. ನೀವು ಅಪರಾಧಿಯನ್ನು ಹುಡುಕುವ ಸಂಭ್ರಮದಲ್ಲಿರುವಾಗ ನಿಮ್ಮ ಗೋಡೆಯ ಹಿಂದೆ ಗುಡ್ಡದ ಹೊಟ್ಟೆಯಲ್ಲಿ ನೀರು ತುಂಬುತ್ತಿದೆ. ಗೋಡೆಯ ಕೆಳಗೆ ಏಳು ಮನೆಗಳಿವೆ, ಇಪ್ಪತ್ತೊಂಬತ್ತು ಜನರಿದ್ದಾರೆ. ರೋಹಿಣಿ ಮಳೆಗೆ ಇನ್ನು ದಿನಗಳು ಮಾತ್ರ ಉಳಿದಿವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ನೀವು ಅದನ್ನೂ ಮೀರಿಸಿದ್ದೀರಿ. ಎಮ್ಮೆಗೆ ಬರೆ ಹಾಕಿ, ಎತ್ತಿನ ಮೂಗನ್ನೂ ಕಟ್ಟಿದ್ದೀರಿ. ಅದು ಹೇಗೆ ಎಂದು ಮುಂದೆ ಹೇಳುತ್ತೇನೆ.

ಮೊದಲೇ ಒಂದು ಮಾತು. ನಾನು ಯೋಜನಾ ವಿರೋಧಿಯಲ್ಲ. ಹೊಳೆ ನೀರನ್ನು ಗುಡ್ಡದೊಳಗಿನಿಂದ ದಾಟಿಸಿ ನರಸಿಂಹರಾಜಪುರದ ಕಡೆಗೆ ಒಯ್ಯುವ ನಿಮ್ಮ ಸುರಂಗದ ಸುದ್ದಿ ಕೇಳಿ ಮೊದಲು ಖುಷಿಪಟ್ಟವನು ನಾನು. ಅಲ್ಲಿಯ ಕಡಹಿನಬೈಲಿನಲ್ಲಿ ನನ್ನ ತಂಗಿ ಮಾಲತಿಯ ಮನೆಯಿದೆ. ಏಪ್ರಿಲ್ ಬಂತೆಂದರೆ ಅವಳು ಫೋನ್ ಮಾಡುವುದೇ ನೀರಿಗಾಗಿ ಬೈಯಲು. ಅಣ್ಣ ನೀರುಗಂಟಿಯಾಗಿದ್ದೂ ತಂಗಿಗೆ ಕೊಡ ಹೊರುವುದು ತಪ್ಪಲಿಲ್ಲ ಎಂದು ಹಂಗಿಸುತ್ತಾಳೆ. ಆದ್ದರಿಂದ ಸುರಂಗ ಬೇಡ ಎಂದು ನಾನು ಹೇಳುತ್ತಿಲ್ಲ. ಅದನ್ನು ಕೊರೆಯುವ ಮೊದಲು ಗುಡ್ಡದೊಳಗೆ ಏನಿದೆ ಎಂದು ಕೇಳಬೇಕಿತ್ತು ಎಂದಷ್ಟೇ ಹೇಳುತ್ತಿದ್ದೇನೆ. ಕೇಳಿದ್ದರೆ ಮೇಲ್ಕೊಡಿಗೆಯ ಯಾವ ಹೆಂಗಸಾದರೂ ಹೇಳುತ್ತಿದ್ದಳು. ಮೇಲೆ ಹತ್ತಡಿ ಜಂಬಿಟ್ಟಿಗೆ, ಅದರ ಕೆಳಗೆಲ್ಲ ಶೇಡಿ. ದೀಪಾವಳಿಗೆ ಗೋಡೆಗೆ ಬಳಿಯಲು ಅವರು ಬುಟ್ಟಿ ಹಿಡಿದು ಹೋಗಿ ಅಗೆದು ತರುವ ಬಿಳಿ ಮಣ್ಣು ಅದೇ. ಬೇಸಿಗೆಯಲ್ಲಿ ಅದರ ಮೇಲೆ ಪಿಕಾಸಿ ಹಾಕಿದರೆ ಠಣ್ ಎಂದು ಹಿಂದಕ್ಕೆ ಚಿಮ್ಮುತ್ತದೆ. ಅದೇ ಮಣ್ಣಿಗೆ ನೀರು ಕುಡಿಸಿ ನೋಡಿ, ಅಂಬಲಿಯಾಗುತ್ತದೆ. ನೀವು ಗುಡ್ಡಕ್ಕೆ ಕೊಳವೆ ಇಳಿಸಿ ಮಣ್ಣು ಪರೀಕ್ಷೆ ಮಾಡಿದ್ದು ಯಾವ ತಿಂಗಳಲ್ಲಿ? ಹೋದ ವರ್ಷದ ಮಾರ್ಚಿನಲ್ಲಿ. ವರದಿಯಲ್ಲಿ ಬರೆದದ್ದು ಏನು? 'ಗಟ್ಟಿ ಸ್ತರ'. ಬರೆದವರು ಸುಳ್ಳು ಬರೆದರು ಎಂದು ನಾನು ಹೇಳುವುದಿಲ್ಲ. ಮಾರ್ಚಿನಲ್ಲಿ ಅದು ಗಟ್ಟಿಯೇ. ಆದರೆ ಸುರಂಗ ಮಾರ್ಚ್ ತಿಂಗಳಿಗೆ ಮಾತ್ರವೇ ಸ್ವಾಮಿ?

ನವೆಂಬರಿನಲ್ಲಿ ಹಿಟಾಚಿ ಬಂತು, ಗುಡ್ಡದ ಬದಿಯನ್ನು ನಲವತ್ತಡಿ ನೆಟ್ಟಗೆ ಕಡಿದು ಸುರಂಗಕ್ಕೆ ಬಾಯಿ ಮಾಡಿದರು. ನೆಟ್ಟಗೆ ಕಡಿದ ಧರೆ ನಿಲ್ಲುವುದಿಲ್ಲ ಎಂಬುದು ನಿಮಗೂ ಗೊತ್ತಿತ್ತು, ಅದಕ್ಕೇ ಮಣ್ಣು ಗಟ್ಟಿ ಮಾಡುವ 'ಭೂಸುಧಾರಣೆ' ಶುರುವಾಯಿತು. ನಾನು ಕೆಲಸ ಮುಗಿಸಿ ದಿನಾ ಸಂಜೆ ನಿಂತು ನೋಡುತ್ತಿದ್ದೆ. ನಿಜ ಹೇಳುತ್ತೇನೆ, ಅದು ನೋಡುವಂಥ ಕೆಲಸ. ಧರೆಗೆ ಉದ್ದುದ್ದ ತೂತು ಕೊರೆದು ಕಬ್ಬಿಣದ ಸರಳು ತೂರಿಸಿದರು, ಸುತ್ತ ಸಿಮೆಂಟು ತುಂಬಿದರು, ಮೇಲೆ ಬಲೆ ಹೊದಿಸಿ ಅದಕ್ಕೆ ಸಿಮೆಂಟನ್ನು ಪೈಪಿನಿಂದ ಎರಚಿ ಗೋಡೆ ಮಾಡಿದರು. ಗೋಡೆಯ ನಡುನಡುವೆ ಹನ್ನೆರಡು ಬಿಳಿ ಪೈಪುಗಳು ಒಂದೊಂದು ಗೇಣು ಹೊರಗೆ ಇಣುಕುತ್ತಿದ್ದವು. ಆಮೇಲೆ ಜನವರಿಯಲ್ಲಿ ಗ್ರೌಟಿಂಗ್ ಬಂತು. ಸುರಂಗ ಹೋಗುವ ದಾರಿಯ ಮಣ್ಣು ಸಡಿಲವಾಗಿದೆಯೆಂದು, ಪಂಪು ಹಚ್ಚಿ ಒತ್ತಡದಲ್ಲಿ ಸಿಮೆಂಟಿನ ಹಾಲನ್ನು ಗುಡ್ಡದೊಳಗೆ ನುಗ್ಗಿಸಿದರು. ಎಷ್ಟು ಚೀಲ ನುಗ್ಗಿಸಿದರೂ ಗುಡ್ಡ ಕುಡಿಯುತ್ತಲೇ ಇತ್ತು. ಪಂಪಿನವನು ನನ್ನ ಹತ್ತಿರವೇ ಅಚ್ಚರಿಪಟ್ಟ. ಆ ಸಿಮೆಂಟು ಎಲ್ಲಿಗೆ ಹೋಗುತ್ತಿದೆ ಎಂದು ಅವನಿಗೂ ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿಲ್ಲ. ನಮಗೆ ಮೂರನೇ ದಿನ ಬೆಳಿಗ್ಗೆ ಗೊತ್ತಾಯಿತು.

ಮೇಲ್ಕೊಡಿಗೆಯವರಿಗೆ ಪಂಚಾಯಿತಿಯ ನಲ್ಲಿ ಇಲ್ಲ, ಬೇಕಾಗಿರಲೂ ಇಲ್ಲ. ಅವರಿಗೆ ಅಬ್ಬಿಯಿತ್ತು. ಗುಡ್ಡದ ಒರತೆಯ ನೀರು ತಾನಾಗಿ ಇಳಿದು ಅಂಗಳದ ಪಕ್ಕದ ಕಲ್ಲು ಮರಿಗೆಗೆ ಬೀಳುತ್ತಿತ್ತು. ಹಿಂದೆ ಮರದ ದಂಬೆಯಲ್ಲಿ ಬರುತ್ತಿದ್ದುದು ಈಗ ಕರಿ ಪೈಪಿನಲ್ಲಿ ಬರುತ್ತಿತ್ತು, ಅಷ್ಟೇ ವ್ಯತ್ಯಾಸ. ಕರೆಂಟು ಬೇಡ, ಮೋಟಾರು ಬೇಡ, ನೀರುಗಂಟಿಯೂ ಬೇಡ. ಆ ದಿನ ಬೆಳಿಗ್ಗೆ ಬೂತಪ್ಪಣ್ಣನ ಹೆಂಡತಿ ಕರಿಯಕ್ಕ ಕೊಡ ಹಿಡಿದು ಹೋದಾಗ ಮರಿಗೆಯಲ್ಲಿ ಬೂದಿ ಬಣ್ಣದ ನೀರಿತ್ತು. ಮಧ್ಯಾಹ್ನದ ಹೊತ್ತಿಗೆ ಅದು ಗಂಜಿಯಾಯಿತು, ಸಂಜೆಗೆ ಅಬ್ಬಿ ನಿಂತೇ ಹೋಯಿತು. ನಾನು ಹತ್ತಿ ನೋಡಿದರೆ ಒರತೆಯ ಬಾಯಿಯಲ್ಲಿ ಸಿಮೆಂಟು ಕಲ್ಲಾಗಿ ಕೂತಿತ್ತು. ಗುಡ್ಡದೊಳಗೆ ನೀರು ಓಡಾಡುವ ದಾರಿ ಹಿಡಿದೇ ನಿಮ್ಮ ಸಿಮೆಂಟು ಇನ್ನೂರಡಿ ನಡೆದು ಬಂದಿತ್ತು. ಆ ಕಲ್ಲನ್ನು ಒಡೆದು ಒಂದು ತುಂಡನ್ನು ಚೀಲದಲ್ಲಿ ಹಾಕಿಕೊಂಡು ಕೊಪ್ಪದ ನಿಮ್ಮ ಉಪವಿಭಾಗದ ಕಚೇರಿಗೆ ಬಂದೆ. ಅಲ್ಲಿದ್ದವರು ತಿರುಗಿಸಿ ಮುರುಗಿಸಿ ನೋಡಿ, "ಒಳ್ಳೇ ಸೆಟ್ ಆಗಿದೆ" ಎಂದರು.

ಕುಡಿಯುವ ನೀರಿನ ಯೋಜನೆಯೊಂದು ಇದ್ದ ಕುಡಿಯುವ ನೀರನ್ನು ನಿಲ್ಲಿಸಿತು. ಇದಕ್ಕೆ ನಿಮ್ಮ ಕಡತದಲ್ಲಿ ಏನಾದರೂ ಹೆಸರಿದೆಯೇ? ಟ್ಯಾಂಕರ್ ಕಳಿಸುತ್ತೇವೆ ಎಂದಿರಿ. ವಾರಕ್ಕೆ ಎರಡು ಸಲದಂತೆ ಮೂರು ವಾರ ಬಂತು. ಆಮೇಲೆ ಸುರಂಗದೊಳಗೆ ಎಂಬತ್ತು ಮೀಟರಿನಲ್ಲಿ ಕೆಸರು ನುಗ್ಗಿ ಕೆಲಸ ನಿಂತಿತು, ಗುತ್ತಿಗೆದಾರರ ಜನ ಸುರಂಗದ ಬಾಯಿಗೆ ತಗಡು ಅಡ್ಡ ಹಾಕಿ ಹೋದರು, ಟ್ಯಾಂಕರೂ ಅವರ ಹಿಂದೆಯೇ ಹೋಯಿತು. ಆದರೆ ನೀರು ನಿಮ್ಮ ಗುತ್ತಿಗೆದಾರರ ಹಾಗೆ ಕೆಲಸ ಬಿಟ್ಟು ಹೋಗುವಂಥದ್ದಲ್ಲ. ಅಬ್ಬಿಯಲ್ಲಿ ದಾರಿ ಮುಚ್ಚಿದ ಮೇಲೆ ಅದು ಬೇರೆ ದಾರಿ ಹುಡುಕಿತು. ಮಾರ್ಚ್ ಮೊದಲ ವಾರದಲ್ಲಿ ನಿಮ್ಮ ಗೋಡೆಯ ಹನ್ನೆರಡು ಬಿಳಿ ಪೈಪುಗಳ ಪೈಕಿ ಏಳರಲ್ಲಿ ನೀರು ಸುರಿಯತೊಡಗಿತು. ಉಳಿದ ಐದು ನಿಮ್ಮದೇ ಸಿಮೆಂಟಿನಿಂದ ಕಟ್ಟಿಹೋಗಿದ್ದವು. ಕರಿಯಕ್ಕ ಒಂದು ಪೈಪಿನ ಕೆಳಗೆ ಕೊಡ ಹಿಡಿದು, ಬೊಗಸೆಯಲ್ಲಿ ಕುಡಿದು ನೋಡಿ, "ನಮ್ ಅಬ್ಬಿ ನೀರೇ ಕಣಾ, ರುಚಿ ಗೊತ್ತಾಗಲ್ವಾ" ಎಂದರಂತೆ. ಮರುದಿನವೇ ನನಗೆ ಕರೆ ಬಂತು.

ಇನ್ನು ನನ್ನ ತಪ್ಪಿನ ವಿಷಯ. ನಾನು ಏಳು ಪೈಪುಗಳಿಗೂ ಕೊಳವೆ ಜೋಡಿಸಿ ಒಂದೇ ಸಾಲಿಗೆ ಸೇರಿಸಿದೆ. ಅದನ್ನು ಕೆಳಗೆ ಬೂತಪ್ಪಣ್ಣನ ಅಂಗಳದವರೆಗೆ ತಂದೆ. ಅಲ್ಲಿ ಪಂಚಾಯಿತಿಯ ಹಳೆಯ ಟ್ಯಾಂಕೊಂದನ್ನು ಕೂರಿಸಿ, ಟ್ಯಾಂಕಿಗೆ ಮೊದಲು ಒಂದು ಗೇಟ್ ವಾಲ್ವ್ ಹಾಕಿದೆ. ಟ್ಯಾಂಕ್ ತುಂಬಿದ ಕೂಡಲೇ ವಾಲ್ವ್ ಮುಚ್ಚಿ ಎಂದು ಏಳೂ ಮನೆಗೆ ತಾಕೀತು ಮಾಡಿದೆ. ಆಗ ಕರಿಯಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತು, "ಅಲ್ಲ ಸುಂದರೇಶ, ಅಬ್ಬಿ ನೀರಿಗೆ ಬಾಗ್ಲು ಹಾಕ್ತಾರನ? ನಮ್ ಅತ್ತೆ ಕಾಲದಾಗೂ ಯಾರೂ ಹಾಕ್ಲಿಲ್ಲಪ್ಪ. ಅದು ಹರಿತಾ ಇರ್ಬೇಕು, ನಾವು ಬೇಕಾದಷ್ಟು ಹಿಡ್ಕಬೇಕು, ಅಷ್ಟೇಯ" ಎಂದರು.

ನಾನು ಏನೆಂದೆ ಗೊತ್ತೇ? "ಹಂಗೆಲ್ಲ ನೀರು ಪೋಲು ಮಾಡಕಾಗಲ್ಲ ಕರಿಯಕ್ಕ, ಕಾಲ ಬದಲಾಗೈತೆ" ಎಂದೆ. ಹದಿನೆಂಟು ವರ್ಷ ನಿಮ್ಮ ಇಲಾಖೆಗಳ ಸುತ್ತೋಲೆ ಓದಿದ ನಾಲಿಗೆ ಅದು. ತುಂಬಿ ಹರಿಯುವ ಟ್ಯಾಂಕ್ ಕಂಡರೆ ನೀರುಗಂಟಿಯ ಸಂಬಳ ಕಡಿತ ಎಂದು ಸಭೆ ಸಭೆಯಲ್ಲೂ ಹೇಳಿದ್ದೀರಿ. ಪಂಚಾಯಿತಿ ಗೋಡೆಯ ಮೇಲೆ 'ಹನಿ ನೀರೂ ಅಮೂಲ್ಯ' ಎಂದು ನನ್ನ ಕೈಯಲ್ಲೇ ಬರೆಸಿದ್ದೀರಿ. ಹರಿಯುವ ನೀರು ಕಂಡರೆ ಮುಚ್ಚಬೇಕು ಅನಿಸುವುದು ನಮ್ಮ ಕಸುಬಿನ ಚಟ. ಅದೇ ಚಟದಲ್ಲಿ ನಾನು ಗುಡ್ಡದ ಉಸಿರಿಗೇ ಬಿರಡೆ ಹಾಕಿದೆ. ಆ ಬಿಳಿ ಪೈಪುಗಳಿರುವುದು ಗೋಡೆಯ ಹಿಂದೆ ನೀರು ನಿಲ್ಲದಂತೆ ಹೊರಗೆ ಬಿಡಲು, ಅವನ್ನು ಮುಚ್ಚಿದರೆ ನೀರು ಹಿಂದಕ್ಕೆ ಏರಿ ಶೇಡಿಯನ್ನು ನೆನೆಸುತ್ತದೆ, ನೆಂದ ಶೇಡಿ ಗೋಡೆಯನ್ನು ದೂಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಿತ್ತು. ಓದದ ಕರಿಯಕ್ಕನಿಗೆ ಹೊಳೆದದ್ದು ನನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಗುತ್ತದೆ. ಆದರೆ ನಿಮ್ಮನ್ನೂ ಕೇಳುತ್ತೇನೆ. ಆ ಗೋಡೆಯ ಪಕ್ಕ ನೀವು ನಿಲ್ಲಿಸಿದ ಆಳೆತ್ತರದ ಬೋರ್ಡು ಪೂರ್ತಿ ಇಂಗ್ಲಿಷಿನಲ್ಲಿದೆ. ಯೋಜನೆಯ ಹೆಸರಿದೆ, ಮೊತ್ತವಿದೆ, ಯಾರ ಯಾರ ಉಪಸ್ಥಿತಿಯಲ್ಲಿ ಗುದ್ದಲಿ ಪೂಜೆಯಾಯಿತು ಎಂಬುದೂ ಇದೆ. 'ಈ ಪೈಪುಗಳನ್ನು ಮುಚ್ಚಬೇಡಿ' ಎಂಬ ಮೂರು ಮಾತು ಕನ್ನಡದಲ್ಲಿ ಬರೆಯಲು ಜಾಗ ಸಾಲಲಿಲ್ಲವೇ? ಗೋಡೆ ಕಟ್ಟಿ, ಬಿಲ್ಲು ಬರೆದು ಹೋದವರಲ್ಲಿ ಒಬ್ಬರಾದರೂ ಆ ಎರಡು ತಿಂಗಳಲ್ಲಿ ಬಂದು ನೋಡಿದ್ದರೆ ನನ್ನ ಕೈಯನ್ನು ಅಲ್ಲೇ ಹಿಡಿಯುತ್ತಿದ್ದರು.

ಏಪ್ರಿಲ್ ಕೊನೆಯಲ್ಲಿ ಅಡ್ಡಮಳೆ ನಾಲ್ಕು ದಿನ ಬಿಡದೆ ಹೊಡೆಯಿತು. ಆಮೇಲೆ ಗೋಡೆಯ ನಡುಭಾಗ ಉಬ್ಬಿ ಬಿರುಕು ಬಿಟ್ಟದ್ದು ಕಂಡಿತು, ಕೆಳಗೆ ಬೂತಪ್ಪಣ್ಣನ ಕೊಟ್ಟಿಗೆಯ ನೆಲವೂ ಬಿರುಕು ಬಿಟ್ಟಿತು. ಹಳೇ ಮೇಸ್ತ್ರಿಗಳು ಮಾಡುತ್ತಿದ್ದ ಹಾಗೆ ಗೋಡೆಯ ಬಿರುಕಿನ ಮೇಲೆ ಒಂದು ಗಾಜಿನ ಚೂರನ್ನು ಸಿಮೆಂಟಿನಿಂದ ಅಂಟಿಸಿದೆ. ಬಿರುಕು ಬೆಳೆಯುತ್ತಿದ್ದರೆ ಗಾಜು ಒಡೆಯುತ್ತದೆ. ಎರಡೇ ದಿನಕ್ಕೆ ಒಡೆಯಿತು. ಮೇ ಐದಕ್ಕೆ ನಿಮ್ಮ ಕಚೇರಿಗೆ ಲಿಖಿತವಾಗಿ ತಿಳಿಸಿದೆ. ಹೊಗಳಲೇಬೇಕು, ನಾಲ್ಕೇ ದಿನಕ್ಕೆ ನಿಮ್ಮ ಕಿರಿಯ ಇಂಜಿನಿಯರು ಇಬ್ಬರು ಸಿಬ್ಬಂದಿಯೊಂದಿಗೆ ಬಂದರು. ಗೋಡೆ ನೋಡಿದರು, ಕೊಳವೆಯ ಜಾಡು ಹಿಡಿದು ಅಂಗಳಕ್ಕಿಳಿದರು, ಮುಚ್ಚಿದ ವಾಲ್ವ್ ನೋಡಿ ತಲೆ ಚಚ್ಚಿಕೊಂಡರು. "ಅಯ್ಯೋ ಮಾರಾಯ್ರೆ, ಇದನ್ನ ಮುಚ್ಚಿದ್ದಕ್ಕೇ ಧರೆ ಉಬ್ಬಿದ್ದು! ಯಾರ್ರೀ ಇದನ್ನ ಹಾಕಿದ್ದು?" ಎಂದರು.

ನನ್ನ ಕೈಯಲ್ಲಿ ಅವರ ಅಳತೆ ಟೇಪಿನ ಇನ್ನೊಂದು ತುದಿಯಿತ್ತು. ನಾನು ಬಾಯಿ ತೆರೆಯುವ ಮೊದಲೇ ಬೂತಪ್ಪಣ್ಣ, "ಅಂಗ್ಳ ನಂದು, ನೀರು ಕುಡಿಯೋರು ನಾವು. ನಂದೇ ಅಂತ ಬರ್ಕಳಿ" ಎಂದುಬಿಟ್ಟರು. ಅವರು ಬರೆದುಕೊಂಡರು. ನಾನು ಟೇಪು ಹಿಡಿದುಕೊಂಡು ನಿಂತೇ ಇದ್ದೆ. ನಲವತ್ತಾರು ವರ್ಷದ ಗಂಡಸು, ಒಂದು ಮಾತು ಆಡಲಿಲ್ಲ.

ಮಹಜರು ಬರೆದಾದ ಮೇಲೆ ನಡೆದದ್ದನ್ನು ನೀವು ಗಮನವಿಟ್ಟು ಓದಬೇಕು. ಸಿಬ್ಬಂದಿಯೊಬ್ಬರು ವಾಲ್ವಿನ ಚಕ್ರಕ್ಕೆ ತಂತಿ ಸುತ್ತಿ, ಮೇಣದಬತ್ತಿಯಲ್ಲಿ ಅರಗು ಕರಗಿಸಿ ಮುದ್ರೆ ಒತ್ತತೊಡಗಿದರು. ವಾಲ್ವ್ ಮುಚ್ಚಿಯೇ ಇತ್ತು. ನಾನು, "ಸಾರ್, ಮೊದಲು ತೆಗೆದುಬಿಡಿ, ಆಮೇಲೆ ಸೀಲ್ ಹಾಕಿ. ಮುಚ್ಚಿದ್ದಕ್ಕೇ ಉಬ್ಬಿದ್ದು ಅಂತ ನೀವೇ ಈಗ ಹೇಳಿದ್ರಲ್ಲ" ಎಂದೆ.

"ಕಂಡ ಸ್ಥಿತಿಯಲ್ಲೇ ಇಡಬೇಕು ಸುಂದರೇಶ್. ತೆಗೆದ್ರೆ ಸಾಕ್ಷಿ ಹಾಳಾಗತ್ತೆ. ಮುಚ್ಚಿತ್ತು ಅನ್ನೋದೇ ಕೇಸು" ಎಂದರು ಕಿರಿಯ ಇಂಜಿನಿಯರು.

"ಧರೆ ಬಿದ್ರೆ?"

ಅವರು ಗೋಡೆಯ ಕಡೆ ಒಮ್ಮೆ ನೋಡಿದರು. ಒಳ್ಳೆಯ ಹುಡುಗ, ಸುಳ್ಳು ಹೇಳಲಿಲ್ಲ. "ನಂಗೆ ಅರ್ಥ ಆಗಲ್ವಾ? ಆದ್ರೆ ತೆಗೆಯೋಕೆ ದೊಡ್ಡ ಸಾಹೇಬ್ರ ಆದೇಶ ಬೇಕು. ಇವತ್ತೇ ಬರೀತೀನಿ" ಎಂದು ಜೀಪು ಹತ್ತಿದರು. ದೊಡ್ಡ ಸಾಹೇಬರೆಂದರೆ ನೀವು. ಆ ದಿನ ಮೇ ಒಂಬತ್ತು. ನಾನು ಈ ಸಾಲು ಬರೆಯುತ್ತಿರುವುದು ಮೇ ಹತ್ತೊಂಬತ್ತರ ಸೋಮವಾರ. ಅಂದರೆ ನಾನು ದಿನಕ್ಕೆ ಕೆಲವು ಗಂಟೆ ತಿಳಿಯದೆ ಮುಚ್ಚುತ್ತಿದ್ದುದನ್ನು, ನಿಮ್ಮ ಇಲಾಖೆ ಹತ್ತು ದಿನದಿಂದ ಹಗಲೂ ರಾತ್ರಿ, ತಿಳಿದೂ ತಿಳಿದೂ, ಸರ್ಕಾರಿ ಮುದ್ರೆಯೊತ್ತಿ ಮುಚ್ಚಿಟ್ಟಿದೆ. ನನ್ನದು ದುರುದ್ದೇಶವಾದರೆ ನಿಮ್ಮದಕ್ಕೆ ಏನನ್ನಬೇಕು? ನೋಟಿಸು ಕೊಡುವ ಅಧಿಕಾರ ಬೂತಪ್ಪಣ್ಣನಿಗೂ ಇದ್ದಿದ್ದರೆ ಅವರು ಯಾರ ಹೆಸರು ಬರೆಯಬೇಕಿತ್ತು? ಜೊತೆಗೆ ಆ ಏಳು ಮನೆಗಳಿಗೆ ಹತ್ತು ದಿನದಿಂದ ಕುಡಿಯುವ ನೀರೂ ಇಲ್ಲ. ಕೆಳಗಿನ ಹಳ್ಳದಿಂದ ಹೊತ್ತು ತರುತ್ತಿದ್ದಾರೆ.

ಅವರು ಜೀಪು ಹತ್ತಿ ಹೋದ ಸಂಜೆ ನಾನು ಬೂತಪ್ಪಣ್ಣನನ್ನು ಕೇಳಿದೆ, ಯಾಕೆ ಹಾಗೆ ಹೇಳಿದಿರಿ ಎಂದು. ಅವರು ಕತ್ತಿ ಮಸೆಯುತ್ತಿದ್ದರು, ತಲೆಯೆತ್ತಲಿಲ್ಲ. "ನಿನ್ ಕೆಲ್ಸ ಹೋದ್ರೆ ಏಳ್ ಹಳ್ಳಿಗೆ ನೀರ್ ಬಿಡೋರ್ ಯಾರ್ ಮಾರಾಯ? ನಂಗೆ ಎಂತ ಆಗ್ತದೆ? ಇವತ್ತು ಅವ್ರ ತೋಟ, ನಾಳೆ ಇವ್ರ ತೋಟ. ನನ್ ಕೆಲ್ಸ ತೆಗೆಯಕೆ ಯಾವ ಸಾಹೇಬ್ರಿಗೂ ಆಗಲ್ಲ" ಎಂದರು. ಜೈಲಿಗೆ ಹಾಕಿದರೆ ಎಂದು ಕೇಳಿದೆ. "ಹಾಕ್ಲಿ. ಅಲ್ಲಿ ನೀರಾದ್ರೂ ಸರಿಯಾಗಿ ಬರ್ತದಂತೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಮನೆಗೆ ಬಂದು ನನ್ನ ಹೆಂಡತಿ ಮಲ್ಲಿಕಾಗೆ ಹೇಳಿದೆ. ಅವಳು, "ಅವ್ರು ನಿಮ್ ತಪ್ಪು ಹೊತ್ತಿದ್ದಾರೆ. ಎಷ್ಟು ದಿನ ಹೊರಸ್ತೀರಿ?" ಎಂದಳು. ಈ ಪತ್ರ ಬರೆಯಲು ಕೂತದ್ದು ಅದಾದ ಮೇಲೆ, ಅದೂ ಒಂಬತ್ತು ದಿನ ಹೆದರಿ ಮುಂದೂಡಿ. ಇದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ, ಜಯಪುರದ ಬಸ್‌ಸ್ಟ್ಯಾಂಡಿನಲ್ಲೂ ಒಂದು ಪ್ರತಿ ಅಂಟಿಸುತ್ತೇನೆ. ನಿಮ್ಮ ಕಚೇರಿಗೆ ಕಳಿಸಿದ ಕಾಗದಗಳ ಗತಿ ನನಗೆ ಗೊತ್ತಿದೆ.

ನಿಮ್ಮ ನೋಟಿಸಿನ ಎರಡನೇ ಪುಟಕ್ಕೆ ಬರುತ್ತೇನೆ. ಏಳೂ ಮನೆಯವರು ಮುನ್ನೆಚ್ಚರಿಕೆಯಾಗಿ ಶಾಲೆಯ ಕಾಳಜಿ ಕೇಂದ್ರಕ್ಕೆ ತೆರಳಬೇಕು ಎಂದು ಬರೆದಿದ್ದೀರಿ. ಒಳ್ಳೆಯದೇ. ಮಕ್ಕಳು, ಮುದುಕರು ರಾತ್ರಿ ಹೊತ್ತು ಹೋಗಿ ಮಲಗುತ್ತಿದ್ದಾರೆ. ಆದರೆ ತಿಂಗಳ ಕೊನೆಗೆ ಶಾಲೆ ಶುರುವಾಗುತ್ತದೆ, ಆಮೇಲೆ ಎಲ್ಲಿಗೆ? ದನ ಕರುಗಳನ್ನು ಎಲ್ಲಿ ಕಟ್ಟುವುದು? ಅದಕ್ಕೆ ಪುಟವಿಲ್ಲ. ನೋಟಿಸನ್ನು ನಾನೇ ಓದಿ ಹೇಳಿದಾಗ ಕರಿಯಕ್ಕ ಕೇಳಿದ ಪ್ರಶ್ನೆಯನ್ನು ಇದ್ದ ಹಾಗೇ ಬರೆಯುತ್ತೇನೆ. "ಮನೆ ಬಿಡಿ ಅಂತ ನಮಗೆ ಕೊಟ್ರು. ಬೀಳ್ಬೇಡ ಅಂತ ಧರೆಗೆ ಕೊಟ್ರನ?" ಎಂದರು. ನೀವು ನೇಮಿಸಿದ ತನಿಖಾ ತಂಡ ಹದಿನೇಳರ ಶನಿವಾರ ಬರುವುದಿತ್ತು. ಶೃಂಗೇರಿಯವರೆಗೆ ಬಂದಿತ್ತಂತೆ. ಅಲ್ಲಿಂದ ಕಿಗ್ಗದ ದಾರಿ ಹಿಡಿದು ಸಿರಿಮನೆಯ ಜಲಪಾತ ನೋಡಿಕೊಂಡು ಹಾಗೇ ತಿರುಗಿತಂತೆ, ಕತ್ತಲಾಯಿತು ಎಂಬ ಕಾರಣಕ್ಕೆ. ಬೇಸರವಿಲ್ಲ. ನೀರು ಕಲ್ಲನ್ನೂ ಬಿಡದೆ ಹೇಗೆ ದಾರಿ ಮಾಡಿಕೊಳ್ಳುತ್ತದೆ ಎಂದು ಅಲ್ಲಿ ನಿಂತು ನೋಡಿದ್ದರೆ ಅವರ ವರದಿಗೆ ಅಷ್ಟೇ ಸಾಕಿತ್ತು.

ಮೊನ್ನೆ ಶನಿವಾರದಿಂದ ಗೋಡೆಯ ಬುಡದ ಬಿರುಕಿನಲ್ಲಿ ನೀರು ಜಿನುಗುತ್ತಿದೆ. ಬಣ್ಣ ಹಾಲಿನಂತಿದೆ. ಕರಿಯಕ್ಕ ಅದನ್ನು ಒಂದು ಸ್ಟೀಲ್ ಚೊಂಬಿನಲ್ಲಿ ಹಿಡಿದಿಟ್ಟರು. ಬೆಳಿಗ್ಗೆ ನೋಡಿದರೆ ತಳದಲ್ಲಿ ಎರಡು ಬೆರಳು ದಪ್ಪ ಬಿಳಿ ಮಣ್ಣು ಕೂತಿತ್ತು. ಬೆರಳಲ್ಲಿ ತಿಕ್ಕಿ ನೋಡಿ, "ಶೇಡಿ ಇಳಿತಾ ಇದೆ ಸುಂದರೇಶ. ಒಳಗೆ ಗೂಡು ಆಗ್ತಾ ಇದೆ" ಎಂದರು. ಶೇಡಿ ಗುಂಡಿಯಲ್ಲಿ ಅಗೆಯುವ ಹೆಂಗಸರಿಗೆ ಒಂದು ಕಟ್ಟುನಿಟ್ಟಿದೆ. ಗುಂಡಿಯ ಗೋಡೆ ಬೆವರತೊಡಗಿದರೆ ಬುಟ್ಟಿ, ಗುದ್ದಲಿ ಎಲ್ಲ ಅಲ್ಲೇ ಬಿಟ್ಟು ಹೊರಗೆ ಬರಬೇಕು, ತಿರುಗಿ ನೋಡಬಾರದು. ನಿಮ್ಮ ಗೋಡೆ ಬೆವರುವುದನ್ನು ಬಿಟ್ಟು ಅಳತೊಡಗಿದೆ, ಮಾನ್ಯರೇ. ಆದ್ದರಿಂದ ನನ್ನ ಬೇಡಿಕೆ ಬಹಳ ಸಣ್ಣದು. ರೋಹಿಣಿ ಹುಟ್ಟುವ ಈ ಭಾನುವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ನಿಮ್ಮವರು ಬಂದು ಸೀಲು ತೆಗೆದು ವಾಲ್ವ್ ತಿರುಗಿಸಬೇಕು. ಬರದಿದ್ದರೆ ನಾನೇ ಒಡೆಯುತ್ತೇನೆ ಎಂದು ಈ ಮೂಲಕ ತಿಳಿಯಪಡಿಸುತ್ತೇನೆ.

ಮೇಲಿನದನ್ನು ಸೋಮವಾರ ಬರೆದು ನಿಲ್ಲಿಸಿದ್ದೆ. ಇಂದು ಬುಧವಾರ. ಭಾನುವಾರದ ಮಾತು ಈಗ ಮುಗಿದ ಕಥೆ.

ನಿನ್ನೆ ರಾತ್ರಿ ಮತ್ತೆ ಮಳೆ ಬಂತು. ಇಂದು ಬೆಳಿಗ್ಗೆ ನಾನು ಹೋದಾಗ ಹಾಲು ನೀರು ನಿಂತಿತ್ತು. ಗೋಡೆಯ ಬುಡ ಒಣಗಿತ್ತು. ನಿಮ್ಮ ಕಿರಿಯ ಇಂಜಿನಿಯರಿಗೆ ಫೋನ್ ಮಾಡಿದೆ. "ಮಳೆ ಬಂದೂ ನಿಂತಿದೆ ಅಂದ್ರೆ ಒಳಗೆ ಎಲ್ಲೋ ಕಟ್ಕೊಂಡಿದೆ. ಸುಂದರೇಶ್, ಕೆಳಗೆ ಯಾರೂ ಇರಬಾರ್ದು" ಎಂದರು. ವಾಲ್ವ್ ತೆಗೆಯಲೇ ಎಂದು ಕೇಳಿದೆ. "ನಾನು ತೆಗಿ ಅನ್ನೋ ಹಾಗಿಲ್ಲ" ಎಂದರು. ತೆಗೆಯಬೇಡ ಎಂದೂ ಅನ್ನಲಿಲ್ಲ. ನಾನು ಏಳೂ ಮನೆಯ ಬಾಗಿಲು ಬಡಿದು ಎಲ್ಲರನ್ನೂ ರಸ್ತೆಗೆ ಹತ್ತಿಸಿದೆ. ದನಗಳನ್ನು ಬಿಚ್ಚಿ ಹೊಡೆದೆವು. ಕರಿಯಕ್ಕ ಒಲೆಯ ಮೇಲಿದ್ದ ಅನ್ನದ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದುಕೊಂಡೇ ಬಂದರು. ಬೂತಪ್ಪಣ್ಣ ಮಾತ್ರ ಬರಲಿಲ್ಲ. ನಾನು ಕಟಿಂಗ್ ಪ್ಲೇಯರ್ ಹಿಡಿದು ಅಂಗಳಕ್ಕೆ ಇಳಿದರೆ ಹಿಂದೆಯೇ ಬಂದರು. "ನೀವು ಹೋಗಿ ಬೂತಪ್ಪಣ್ಣ, ಕೈ ಮುಗೀತೀನಿ" ಎಂದೆ. "ವಾಲ್ವ್ ಬಿಗಿದು ಕೂತೈತೆ, ಒಬ್ನ ಕೈಲಿ ತಿರುಗಲ್ಲ. ಸುಮ್ನೆ ಮಾತಾಡ್ಬೇಡ, ತಂತಿ ಕತ್ತರಿಸು" ಎಂದು ಗದರಿದರು.

ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ನಾನು ಸರ್ಕಾರಿ ಸೀಲು ಒಡೆದೆ. ಇಬ್ಬರೂ ಸೇರಿ ತಿರುಗಿಸಿದೆವು. ಮೊದಲು ಗಾಳಿ ಉಸ್ಸೆಂದಿತು, ಆಮೇಲೆ ಟ್ಯಾಂಕಿನ ಕಡೆಯ ಕೊಳವೆ ಕಿತ್ತು ಹಾರಿ ಬಿಳಿ ಕೆಸರು ಎದೆಯೆತ್ತರಕ್ಕೆ ಚಿಮ್ಮಿತು. ನಾವಿಬ್ಬರೂ ಕೆಸರಿನ ಮುದ್ದೆಯಾಗಿ ಓಡಿ ರಸ್ತೆ ಹತ್ತಿದೆವು. ಅರ್ಧ ಗಂಟೆ ಅದು ಹಾಗೇ ಕಕ್ಕಿತು. ನಂತರ ಬಣ್ಣ ತಿಳಿಯಾಗುತ್ತಾ ಬಂತು. ಹನ್ನೊಂದು ಗಂಟೆಗೆ ಗೋಡೆಯ ಬಲತುದಿಯಲ್ಲಿ ಎರಡು ಆಳಗಲದ ಸಿಮೆಂಟಿನ ಪದರು ಕಳಚಿ ಬಿತ್ತು, ಹಿಂದಿನ ಮಣ್ಣು ಜಾರಿ ಬಂದು ಬೂತಪ್ಪಣ್ಣನ ಕೊಟ್ಟಿಗೆಯನ್ನು ಮುಚ್ಚಿತು. ಕೊಟ್ಟಿಗೆ ಖಾಲಿಯಿತ್ತು. ಉಳಿದ ಗೋಡೆ ನಿಂತಿದೆ. ಇದನ್ನು ಬರೆಯುವ ಸಂಜೆ ನಾಲ್ಕು ಗಂಟೆಯವರೆಗೂ ನಿಂತಿದೆ. ನಾಳೆಯೂ ನಿಲ್ಲುತ್ತದೆಯೇ ಎಂದು ನಾನು ಹೇಳಲಾರೆ, ಅದು ನಿಮ್ಮ ವಿದ್ಯೆ.

ಆದ್ದರಿಂದ ಬೇಡಿಕೆಯನ್ನು ತಿದ್ದಿ ಬರೆಯುತ್ತಿದ್ದೇನೆ. ಬೂತಪ್ಪ ಎಂಬ ಹೆಸರನ್ನು ನೋಟಿಸಿನಿಂದ ಹೊಡೆದು ನನ್ನ ಹೆಸರು ಬರೆಯಿರಿ. ವಾಲ್ವ್ ಹಾಕಿದ್ದಕ್ಕೆ ಒಂದು, ಸೀಲು ಒಡೆದದ್ದಕ್ಕೆ ಇನ್ನೊಂದು, ಎರಡೂ ನನ್ನ ಮೇಲಿರಲಿ. ಕೆಲಸದಿಂದ ತೆಗೆಯುವುದಾದರೆ ತೆಗೆಯಿರಿ, ಏಳು ಹಳ್ಳಿಯ ಬೀಗದ ಕೈಗಳನ್ನು ಪಂಚಾಯಿತಿಗೆ ಒಪ್ಪಿಸಿಯೇ ಈ ಪತ್ರ ಅಂಚೆಗೆ ಹಾಕುತ್ತಿದ್ದೇನೆ. ಮೃಗಶಿರ ಮಳೆ ಹಿಡಿಯುವ ಮೊದಲು ಕೊರೆಯುವ ಯಂತ್ರ ಕಳಿಸಿ, ಕಟ್ಟಿಹೋದ ಐದು ಪೈಪುಗಳ ಜಾಗದಲ್ಲಿ ಗುಡ್ಡದ ಒಳಗಿನವರೆಗೆ ಉದ್ದದ ಕೊಳವೆಗಳನ್ನು ಹಾಕಿಸಿ, ಆ ನೀರು ತೆರೆದ ಬಾಯಿಯಿಂದಲೇ ಹರಿದು ಮರಿಗೆಗೆ ಬೀಳುವಂತೆ ಮಾಡಿ. ಅಲ್ಲಿಯವರೆಗೆ ಏಳು ಮನೆಯವರಿಗೆ, ದನಗಳ ಸಮೇತ, ಇರಲು ಒಂದು ಜಾಗ ತೋರಿಸಿ. ಇದೆಲ್ಲ ಆಗುವುದು ಕಡತದಿಂದಲ್ಲ, ನೀವೇ ಬರಬೇಕು. ಬನ್ನಿ, ಗೋಡೆಯ ಕೆಳಗೆ ಹತ್ತು ನಿಮಿಷ ನಿಲ್ಲಿ, ನಿಂತ ಮೇಲೆ ಮಾತಾಡೋಣ. ಬೂತಪ್ಪಣ್ಣ ಮತ್ತು ಕರಿಯಕ್ಕ ಇವತ್ತು ರಾತ್ರಿ ಶಾಲೆಯ ಜಗಲಿಯಲ್ಲಿ ಮಲಗುತ್ತಾರೆ. ನಾನು ವಾಲ್ವಿನ ಹತ್ತಿರದ ರಸ್ತೆಯಲ್ಲಿ ಕೂತಿರುತ್ತೇನೆ, ಯಾರಾದರೂ ಆದೇಶ ಹಿಡಿದು ಅದನ್ನು ಮತ್ತೆ ಮುಚ್ಚಲು ಬಂದರೆ ಬಿಡಬಾರದಲ್ಲ.

ಇಂತಿ,
ಟೇಪಿನ ತುದಿ ಹಿಡಿದು ಹನ್ನೆರಡು ದಿನ ಬಾಯಿ ಮುಚ್ಚಿಕೊಂಡಿದ್ದ,
ಸುಂದರೇಶ
ನಿನ್ನೆಯವರೆಗೆ ನೀರುಗಂಟಿ, ಮೇಲ್ಕೊಡಿಗೆ, ಜಯಪುರ